ಹಕ್ಕಿನ ನೆರವು, ಪ್ರೀತಿಯ ನೆರವು



ಪ್ರತಿ ವರ್ಷ ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಲೆಕ್ಕ ನಡೆಯುತ್ತದೆ. ಮಗಳು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ, ಮುಂದೆ ಓದುವ ಆಸೆಯಿದೆ. ಕಾಲೇಜಿನ ಶುಲ್ಕವೆಷ್ಟು, ವಸತಿನಿಲಯಕ್ಕೆಷ್ಟು, ಪುಸ್ತಕಕ್ಕೆಷ್ಟು? ಸರ್ಕಾರದ ವಿದ್ಯಾರ್ಥಿವೇತನ ಎಷ್ಟು ಬಂದೀತು, ಯಾವಾಗ ಬಂದೀತು? ಸಾಲದೆ ಹೋದುದನ್ನು ಕಾಲೇಜಿನ ಆಡಳಿತ ಮಂಡಳಿಯ ಬಳಿ ಕೇಳಬಹುದೇ? ಮೇಲುನೋಟಕ್ಕೆ ಇದು ಹಣದ ಲೆಕ್ಕ. ಆದರೆ ಅದರೊಳಗೆ ಒಂದು ಧರ್ಮದ ಪ್ರಶ್ನೆಯೂ ಅಡಗಿದೆ: ಒಂದೇ ಅಗತ್ಯಕ್ಕಾಗಿ ಎರಡು ಕಡೆಯಿಂದ ನೆರವು ಪಡೆಯುವುದು ಸರಿಯೇ?

ಈ ಪ್ರಶ್ನೆಗೆ ನಮ್ಮ ನಡುವೆ ಎರಡು ಉತ್ತರಗಳು ಕೇಳಿಬರುತ್ತವೆ. ‘ಸರ್ಕಾರ ಕೊಟ್ಟ ಮೇಲೆ ಮತ್ತೊಬ್ಬರ ಮುಂದೆ ಕೈಚಾಚುವುದು ದುರಾಸೆ, ಅದು ಇನ್ನೊಂದು ಬಡ ಮಗುವಿನ ಪಾಲು’ ಎಂದು ಕೆಲವರು ಹಿಂಜರಿಯುತ್ತಾರೆ. ‘ಸಿಕ್ಕಷ್ಟು ಸಿಗಲಿ, ಕೊಡುವವರಿಗಿಲ್ಲದ ಸಂಕೋಚ ಪಡೆಯುವ ನಮಗೇಕೆ?’ ಎಂದು ಇನ್ನು ಕೆಲವರು ಮುಂದುವರಿಯುತ್ತಾರೆ. ಮೊದಲನೆಯವರು ತಮ್ಮ ಮಗುವಿನ ಅಗತ್ಯವನ್ನು ಮರೆಯುತ್ತಾರೆ, ಎರಡನೆಯವರು ಪಕ್ಕದ ಮನೆಯ ಮಗುವನ್ನು ಮರೆಯುತ್ತಾರೆ. ಈ ಎರಡು ಮರೆವುಗಳ ನಡುವೆ ನ್ಯಾಯದ ದಾರಿ ಯಾವುದೆಂದು ನಾವು ಕೂಡಿ ಆಲೋಚಿಸೋಣ.

ವೆಚ್ಚವೆಂದರೆ ಶುಲ್ಕ ಮಾತ್ರವಲ್ಲ

ಮೊದಲು ವೆಚ್ಚವನ್ನು ಪ್ರಾಮಾಣಿಕವಾಗಿ ನೋಡಬೇಕು. ನಮ್ಮ ಸೀಮೆ ಬಹುಪಾಲು ಮಳೆಯನ್ನು ನಂಬಿದ ಜೋಳ, ತೊಗರಿಗಳ ಸೀಮೆ. ಮಳೆ ಕೈಕೊಟ್ಟ ವರ್ಷ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೋ ಗೋವೆಯ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಕುಟುಂಬಗಳು ನಮಗೆ ಅಪರಿಚಿತವಲ್ಲ. ಇಂತಹ ಮನೆಯ ಮಗನೋ ಮಗಳೋ ಕಾಲೇಜಿಗೆ ಸೇರಿದಾಗ ಶುಲ್ಕದ ಜೊತೆಗೆ ಊಟ, ವಸತಿ, ಪುಸ್ತಕ, ಪರೀಕ್ಷಾ ಶುಲ್ಕ, ಪ್ರಯೋಗಾಲಯದ ಖರ್ಚುಗಳೂ ಬರುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾದದ್ದು ದೊಡ್ಡ ನೆರವೇ ಸರಿ. ಆದರೆ ಗಂಡುಮಕ್ಕಳಿಗೆ ಆ ಸೌಲಭ್ಯವಿಲ್ಲ. ಇನ್ನೊಂದು ವೆಚ್ಚವನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಓದುವ ಮಗು ದುಡಿಯುವ ಮಗುವಲ್ಲ. ಆ ಮಗುವಿನ ಕೂಲಿಯನ್ನು ಮನೆ ಕಳೆದುಕೊಳ್ಳುತ್ತದೆ.

ಸರ್ಕಾರದ ನೆರವುಗಳು ಹಲವು, ಆದರೆ ಪ್ರತಿಯೊಂದರ ಅಳತೆಯೂ ಸೀಮಿತ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಗೆಲ್ಲುವ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಅದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳ ಮಕ್ಕಳಿಗಷ್ಟೇ. ವಿದ್ಯಾಸಿರಿ ಯೋಜನೆ ಹಿಂದುಳಿದ ವರ್ಗಗಳ, ಸರ್ಕಾರಿ ವಸತಿನಿಲಯ ಸಿಗದ ವಿದ್ಯಾರ್ಥಿಗಳ ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಿನೊಡನೆ ಆರಂಭವಾಯಿತು. 2021ರಲ್ಲಿ ಘೋಷಿತವಾದ ರೈತ ವಿದ್ಯಾನಿಧಿಯಲ್ಲಿ ಪಿ.ಯು.ಸಿ.ಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿ.ಎ., ಬಿ.ಎಸ್ಸಿ., ಬಿ.ಕಾಂ. ಪದವಿಗಳಿಗೆ 5,000 ಮತ್ತು 5,500. ವೃತ್ತಿಪರ ಕೋರ್ಸುಗಳಿಗೆ 7,500 ಮತ್ತು 8,000 ರೂಪಾಯಿಗಳೆಂದು ನಿಗದಿಯಾಯಿತು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಒಂದು ವರ್ಷದ ಪೂರ್ಣ ವೆಚ್ಚವನ್ನು ಮುಟ್ಟುವುದಿಲ್ಲ. ಆದುದರಿಂದಲೇ ಎರಡನೆಯ ನೆರವಿನ ಪ್ರಶ್ನೆ ಏಳುತ್ತದೆ. ಅದು ದುರಾಸೆಯಿಂದ ಹುಟ್ಟಿದ ಪ್ರಶ್ನೆಯಲ್ಲ, ಕೊರತೆಯಿಂದ ಹುಟ್ಟಿದ್ದು.

ರೂತಳ ಮಡಿಲು

ಪವಿತ್ರ ಗ್ರಂಥದಲ್ಲಿ ಇದಕ್ಕೆ ಹತ್ತಿರವಾದ ಒಂದು ಚಿತ್ರವಿದೆ. ಹೊಲದ ಅಂಚಿನ ಪೈರನ್ನು ಕೊಯ್ಯಬೇಡಿ, ಉದುರಿದ ತೆನೆಗಳನ್ನು ಮರಳಿ ಆರಿಸಬೇಡಿ, ಅವು ಬಡವರಿಗೂ ಪರದೇಶಿಗಳಿಗೂ ಸೇರತಕ್ಕವು ಎಂಬುದು ಯಾಜಕಕಾಂಡದ ಆಜ್ಞೆ. ಹಕ್ಕಲಾಯುವುದೆಂದರೇನೆಂದು ಜೋಳದ ನಾಡಿನವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಹಕ್ಕಲು ಹೊಲದೊಡೆಯನ ದಯೆಯಲ್ಲ, ಬಡವನ ಹಕ್ಕು. ಧರ್ಮಶಾಸ್ತ್ರವೇ ಅದನ್ನು ಅವನಿಗೆ ಕೊಟ್ಟಿದೆ.

ಮೋವಾಬಿನಿಂದ ಬಂದ ವಿಧವೆ ರೂತಳು ಆ ಹಕ್ಕಿನಿಂದಲೇ ಬೋವಜನ ಹೊಲಕ್ಕೆ ಬಂದಳು. ಬೋವಜನು ಅವಳ ಕಷ್ಟವನ್ನೂ, ಅತ್ತೆ ನವೊಮಿಯನ್ನು ಅವಳು ಕೈಬಿಡದಿದ್ದುದನ್ನೂ ತಿಳಿದು, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಅವಳಿಗಾಗಿ ಬಿಡುವಂತೆ ಆಳುಗಳಿಗೆ ಹೇಳಿದನು. ಇದನ್ನು ಯಾವ ಆಜ್ಞೆಯೂ ಅವನಿಗೆ ವಿಧಿಸಿರಲಿಲ್ಲ. ಅದು ಪ್ರೀತಿಯಿಂದ ಬಂದದ್ದು. ಸಂಜೆ ರೂತಳ ಮಡಿಲಲ್ಲಿ ಹಕ್ಕಿನ ತೆನೆಗಳೂ ಪ್ರೀತಿಯ ತೆನೆಗಳೂ ಒಟ್ಟಾಗಿದ್ದವು. ಒಂದು ಸಿಕ್ಕಿದ್ದರಿಂದ ಇನ್ನೊಂದು ಅಕ್ರಮವಾಗಲಿಲ್ಲ. ತಾನು ಉಂಡು ಉಳಿಸಿದ್ದನ್ನು ಅವಳು ಮನೆಗೆ ತಂದು ನವೊಮಿಗೆ ಕೊಟ್ಟಳೆಂಬುದನ್ನೂ ನಾವು ಮರೆಯಬಾರದು.

ಸರ್ಕಾರದ ವಿದ್ಯಾರ್ಥಿವೇತನ ಇಂದಿನ ಹಕ್ಕಲು. ಅದು ಯಾರೋ ದೊಡ್ಡವರು ಬಡವರಿಗೆ ಎಸೆದ ಕಾಸಲ್ಲ. ಕೂಲಿಯ ಹೆಣ್ಣುಮಗಳು ಕೊಳ್ಳುವ ಸಾಬೂನಿನ ಮೇಲೂ ತೆರಿಗೆಯಿದೆ. ಆ ಬೊಕ್ಕಸದಿಂದಲೇ ಈ ಹಣ ಬರುತ್ತದೆ. ಅದನ್ನು ತಲೆಯೆತ್ತಿ ಪಡೆಯಬಹುದು. ಕಾಲೇಜು ತನ್ನ ನಿಧಿಯಿಂದ ಕೊಡುವ ನೆರವು ಬೋವಜನು ಬಿಡಿಸಿದ ತೆನೆ. ಈ ಎರಡನೆಯ ಕೈ ನಮ್ಮ ನಾಡಿಗೆ ಹೊಸದೂ ಅಲ್ಲ. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದವರು ಫ.ಗು. ಹಳಕಟ್ಟಿಯವರು. ಸರ್ಕಾರದ ವಿದ್ಯಾರ್ಥಿವೇತನಗಳು ಇಷ್ಟು ವಿಸ್ತಾರವಾಗುವ ಮೊದಲೇ ನಮ್ಮ ಸೀಮೆಯ ಹಿರಿಯರು ಓದುವ ಮಕ್ಕಳಿಗಾಗಿ ತೆನೆ ಬಿಟ್ಟಿದ್ದರು.

ಈ ಎರಡೂ ಏಕೆ ಬೇಕು? ಸರ್ಕಾರಕ್ಕೆ ಕಾಣುವುದು ವರ್ಗ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ. ಕಾನೂನು ಎಲ್ಲರಿಗೂ ಒಂದೇ ಅಳತೆಯನ್ನು ಹಿಡಿಯಬೇಕು. ಅದು ಅದರ ನ್ಯಾಯ. ಆದರೆ ಪ್ರಮಾಣಪತ್ರ ಪಡೆದ ಮರುತಿಂಗಳು ತಂದೆ ಹಾಸಿಗೆ ಹಿಡಿದದ್ದು, ಕೊಳವೆಬಾವಿ ಬತ್ತಿದ್ದು, ಮನೆಯವರು ಗುಳೆ ಹೋಗಿ ಹುಡುಗ ಅಜ್ಜಿಯೊಡನೆ ಉಳಿದದ್ದು ಅದಕ್ಕೆ ಕಾಣುವುದಿಲ್ಲ. ಅವು ತರಗತಿಯ ಅಧ್ಯಾಪಕರಿಗೆ ಕಾಣುತ್ತವೆ. ಜಗದ್ಗುರು ಹನ್ನೊಂದನೆಯ ಪಿಯೂಸರು 1931ರ ತಮ್ಮ ವಿಶ್ವಪರಿಪತ್ರದಲ್ಲಿ, ಹತ್ತಿರದ ಚಿಕ್ಕ ಸಮುದಾಯ ಮಾಡಬಲ್ಲದ್ದನ್ನು ದೂರದ ದೊಡ್ಡ ಅಧಿಕಾರ ಕಸಿದುಕೊಳ್ಳಬಾರದು, ಬದಲಾಗಿ ಅದಕ್ಕೆ ಆಧಾರವಾಗಿ ನಿಲ್ಲಬೇಕೆಂಬ ತತ್ವವನ್ನು ಬೋಧಿಸಿದರು. ದೂರದ ಕೈ ಎಲ್ಲರನ್ನೂ ಮುಟ್ಟುತ್ತದೆ, ಹತ್ತಿರದ ಕೈ ಒಬ್ಬೊಬ್ಬರ ಗಾಯವನ್ನು ಮುಟ್ಟುತ್ತದೆ. ಒಂದು ಇನ್ನೊಂದರ ಬದಲಿಯಲ್ಲ.

ಪ್ರತಿಭೆಯ ಪಾಲು ಯಾರದು?

ಇಲ್ಲಿ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಒಬ್ಬ ವಿದ್ಯಾರ್ಥಿನಿಗೆ ಕಾಲೇಜು ಮೊದಲೇ ನೆರವು ಕೊಡುತ್ತಿದೆ. ಆಮೇಲೆ ಅವಳು ತನ್ನ ಅಂಕಗಳಿಂದ ಸರ್ಕಾರದ ಪ್ರತಿಭಾ ವಿದ್ಯಾರ್ಥಿವೇತನವನ್ನೂ ಗಳಿಸುತ್ತಾಳೆ. ಕಾಲೇಜು ತನ್ನ ನೆರವನ್ನು ಅಷ್ಟೇ ಮೊತ್ತದಿಂದ ಕಡಿತ ಮಾಡಬೇಕೇ?

ಒಂದು ಕಾಲ್ಪನಿಕ ಲೆಕ್ಕವನ್ನು ತೆಗೆದುಕೊಳ್ಳೋಣ. ಅವಳ ವರ್ಷದ ವೆಚ್ಚ: ಶುಲ್ಕ 18,000, ಊಟ ಮತ್ತು ವಸತಿ 30,000, ಪುಸ್ತಕ ಮತ್ತು ಪರೀಕ್ಷೆ 6,000, ಇತರ ಖರ್ಚು 8,000, ಒಟ್ಟು 62,000 ರೂಪಾಯಿ. ಮನೆಯವರು ಕಷ್ಟಪಟ್ಟು 15,000 ಹೊಂದಿಸುತ್ತಾರೆ, ಕಾಲೇಜು 40,000 ಕೊಡುತ್ತದೆ. ಇನ್ನೂ 7,000 ಕೊರತೆ. ಈಗ ಅವಳಿಗೆ 20,000 ರೂಪಾಯಿಯ ವಿದ್ಯಾರ್ಥಿವೇತನ ಬಂತೆನ್ನಿ. ಕಾಲೇಜು ತಕ್ಷಣ 20,000 ಕಡಿತ ಮಾಡಿದರೆ ಏನಾಗುತ್ತದೆ? ಕೊರತೆ ಮೊದಲೂ 7,000, ಈಗಲೂ 7,000. ರಾತ್ರಿ ಕಣ್ಣುಬಿಟ್ಟು ಓದಿ ಗಳಿಸಿದ್ದು ಅವಳಿಗೆ ಒಂದು ರೂಪಾಯಿಯಷ್ಟೂ ಉಪಕಾರವಾಗಲಿಲ್ಲ. ಅದರ ಪೂರ್ಣ ಲಾಭ ಕಾಲೇಜಿನ ನಿಧಿಗೆ ಹೋಯಿತು. ನೀನು ಓದಿದರೂ ಓದದಿದ್ದರೂ ನಿನ್ನ ಕೊರತೆ ಅಷ್ಟೇ ಎಂದು ಮಗುವಿಗೆ ಹೇಳಿದಂತಾಯಿತು. ಇದು ನ್ಯಾಯವಲ್ಲ.

ಕಾಲೇಜು ಏನನ್ನೂ ಕಡಿತ ಮಾಡದಿದ್ದರೆ? ಆಗ 62,000 ವೆಚ್ಚಕ್ಕೆ 75,000 ಸೇರುತ್ತದೆ. 13,000 ರೂಪಾಯಿ ಅವಳ ಓದಿನ ಅಗತ್ಯವನ್ನು ಮೀರಿ ನಿಲ್ಲುತ್ತದೆ. ಅದೇ ತರಗತಿಯಲ್ಲಿ ಇನ್ನೊಬ್ಬನು 10,000 ಸಾಲದೆ ಓದು ಬಿಡುವ ಸ್ಥಿತಿಯಲ್ಲಿರಬಹುದು. ಇದೂ ನ್ಯಾಯವಲ್ಲ.

ಹಾಗಾದರೆ ಸರಿಯಾದ ಕ್ರಮ ಇದು: ಮೊದಲು ಕೊರತೆಯಿದ್ದ 7,000 ತುಂಬಲಿ. ಅದು ಅವಳ ಶ್ರಮದ ಫಲ. ಆ ಮೇಲೆ ಉಳಿಯುವ 13,000 ನಿಧಿಗೆ ಮರಳಲಿ. ಕಾಲೇಜಿನ ಪಾಲು 27,000ಕ್ಕೆ ಇಳಿಯುತ್ತದೆ, ಅವಳ ಓದು ನಿಶ್ಚಿಂತವಾಗಿ ಸಾಗುತ್ತದೆ, ಮತ್ತೊಂದು ಮಗುವಿಗೂ ಬಾಗಿಲು ತೆರೆಯುತ್ತದೆ. ಎರಡು ನೆರವುಗಳನ್ನು ಪೂರ್ಣ ಅಗತ್ಯ ತುಂಬುವವರೆಗೆ ಕೂಡಿಸುವುದು ನ್ಯಾಯ. ಅಗತ್ಯ ತುಂಬಿದ ಮೇಲೆ ಉಳಿದದ್ದು ಮುಂದಿನವನದು. ಹಾಗೆಯೇ ಪೂರ್ಣ ಅಗತ್ಯವೆಂಬುದನ್ನು ಜಿಪುಣತನದಿಂದ ಅಳೆಯಬಾರದು. ಶುಲ್ಕವನ್ನು ಮಾತ್ರ ಎಣಿಸಿ ಅನ್ನವನ್ನು ಮರೆಯುವ ಲೆಕ್ಕ ಸರಿಯಾದ ಲೆಕ್ಕವಲ್ಲ.

ಎಲ್ಲಿ ನಿಲ್ಲಬೇಕು?

‘ಸಾಕು’ ಎಂದು ಹೇಳುವುದು ‘ಬೇಕು’ ಎಂದು ಕೇಳುವುದಕ್ಕಿಂತ ಕಷ್ಟ. ನಮ್ಮ ಸೀಮೆಯ ಶರಣ ಪರಂಪರೆ ಇದನ್ನು ಚೆನ್ನಾಗಿ ಬಲ್ಲದು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆರೆಹೊರೆಯವರಾದ ನಾವು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳಿಯೇ ಬೆಳೆದಿದ್ದೇವೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದು ತಮಗೆ ಬೇಡವೆಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಅಕ್ಕಿ ಕದ್ದದ್ದಲ್ಲ, ಆಯ್ದದ್ದೇ. ಆದರೂ ಮಿತಿ ಮೀರಿದ ಕ್ಷಣದಲ್ಲಿ ಅದು ತಮ್ಮದಲ್ಲವೆಂದು ಆ ಬಡ ಗೃಹಿಣಿ ಕಂಡುಕೊಂಡಳು.

ಇಸ್ರಯೇಲರ ಮರುಭೂಮಿಯ ಪಯಣದಲ್ಲಿ ಮನ್ನದ ಪಾಠವೂ ಇದೇ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಸಂತ ಪೌಲನು ಜೆರುಸಲೇಮಿನ ಬಡವರಿಗಾಗಿ ಕೊರಿಂಥದವರಿಂದ ಕಾಣಿಕೆ ಕೇಳುವಾಗ ಈ ಘಟನೆಯನ್ನೇ ನೆನಪಿಸುತ್ತಾನೆ. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ಹೊರೆ ಆಗಬೇಕೆಂಬುದು ಅವನ ಆಶಯವಲ್ಲ. ಇಬ್ಬರ ನಡುವೆ ಸಮತೆಯಿರಬೇಕೆಂಬುದೇ ಅವನ ಆಶಯ.

ಸಹಿ ಹಾಕುವ ಕೈ

ಇನ್ನು ಅರ್ಜಿಯ ಕೊನೆಯಲ್ಲಿರುವ ಘೋಷಣೆಯ ಮಾತು. ಎಲ್ಲ ಯೋಜನೆಗಳ ನಿಯಮ ಒಂದೇ ಅಲ್ಲ. ಕೆಲವು ಇತರ ನೆರವಿನೊಡನೆ ಕೂಡಿಸಿಕೊಳ್ಳಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಉನ್ನತ ಅಂಕ ಪಡೆದವರಿಗೆ ಕೇಂದ್ರ ಸರ್ಕಾರ 2008ರಿಂದ ನೀಡುತ್ತ ಬಂದಿರುವ, ಪದವಿಗೆ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನ ಎರಡನೆಯ ಬಗೆಯದು. ರಾಜ್ಯದ ವಿದ್ಯಾರ್ಥಿವೇತನವಾಗಲಿ ಶುಲ್ಕ ವಿನಾಯಿತಿಯಾಗಲಿ ಪಡೆಯುತ್ತಿರುವವರು ಅದಕ್ಕೆ ಅರ್ಹರಲ್ಲ. ಇಂತಹ ಕಡೆ ‘ಬೇರೆ ನೆರವು ಪಡೆಯುತ್ತಿಲ್ಲ’ ಎಂದು ಬರೆದು ಎರಡನ್ನೂ ಪಡೆಯಬಹುದೇ?

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅನನೀಯ ಮತ್ತು ಸಫೈರಳ ಪ್ರಸಂಗವನ್ನು ನೆನೆಯಿರಿ. ಅವರು ಹೊಲದ ಹಣದಲ್ಲಿ ಒಂದು ಪಾಲನ್ನು ಇಟ್ಟುಕೊಂಡದ್ದು ಅಪರಾಧವಾಗಿರಲಿಲ್ಲ. ಹೊಲ ಅವರದೇ, ಹಣವೂ ಅವರ ಕೈಯಲ್ಲೇ ಇತ್ತೆಂದು ಪೇತ್ರನೇ ಹೇಳುತ್ತಾನೆ. ಇಟ್ಟುಕೊಂಡೂ ಎಲ್ಲವನ್ನೂ ಕೊಟ್ಟೆವೆಂದು ತೋರಿಸಿದ ಸುಳ್ಳೇ ಅವರ ಪತನಕ್ಕೆ ಕಾರಣವಾಯಿತು. ಹಾಗೆಯೇ ಎರಡು ನೆರವು ಪಡೆಯುವುದು ತನ್ನಷ್ಟಕ್ಕೆ ದೋಷವಲ್ಲ, ಮರೆಮಾಚುವುದು ದೋಷ. ನಿಯಮ ಬಿಟ್ಟರೆ ಎರಡನ್ನೂ ಪಡೆಯಿರಿ, ಎರಡನ್ನೂ ತಿಳಿಸಿರಿ. ನಿಯಮ ಬಿಡದಿದ್ದರೆ ಹೆಚ್ಚು ಉಪಯೋಗವಾಗುವ ಒಂದನ್ನು ಆರಿಸಿ, ಇನ್ನೊಂದನ್ನು ಬಿಡಿರಿ. ನಿಯಮ ಸ್ಪಷ್ಟವಿಲ್ಲದಿದ್ದರೆ ಇಲಾಖೆಯನ್ನು ಬರವಣಿಗೆಯಲ್ಲಿ ಕೇಳಿರಿ. ನಿಯಮವೇ ಕ್ರೂರವೆನಿಸಿದರೆ ಅದನ್ನು ಬದಲಿಸಲು ಬಹಿರಂಗವಾಗಿ ಒತ್ತಾಯಿಸಿರಿ. ಆದರೆ ಹದಿನೆಂಟರ ಹರೆಯದ ಮಗುವಿನ ಮೊದಲ ಸಹಿಯೇ ಸುಳ್ಳಿನ ಕೆಳಗೆ ಬೀಳದಿರಲಿ. ಕಾಲೇಜಿನಲ್ಲಿ ಅದು ಏನೇ ಕಲಿಯಲಿ, ಆ ಪಾಠ ಅದಕ್ಕಿಂತ ಆಳವಾಗಿ ಇಳಿಯುತ್ತದೆ.

ಇಂತಹ ಸುಳ್ಳಿನಿಂದ ನಷ್ಟವಾಗುವುದು ಸರ್ಕಾರಕ್ಕೆ ಮಾತ್ರವೆಂದು ಭಾವಿಸಬೇಡಿ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಕುರಿತು ದೇಶದ ಹಲವು ರಾಜ್ಯಗಳಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ಕಾರ್ಯನಿರ್ವಹಿಸದವು ಎಂದು ಕಂಡುಬಂದು, 2023ರಲ್ಲಿ ಕೇಂದ್ರ ತನಿಖಾ ದಳ ಪ್ರಕರಣ ದಾಖಲಿಸಿತು. ಇಂತಹ ಪ್ರತಿ ಹಗರಣದ ನಂತರ ಪರಿಶೀಲನೆ ಬಿಗಿಯಾಗುತ್ತದೆ, ಅನುಮಾನ ಹೆಚ್ಚುತ್ತದೆ, ಪ್ರಾಮಾಣಿಕ ಬಡವನ ಅರ್ಜಿಯೂ ಕಾಯುತ್ತ ಕೂರುತ್ತದೆ.

ಮೊದಲ ಬಾಗಿಲೇ ಮುಚ್ಚಿದವರು

ಕಾಲೇಜಿನ ನಿಧಿಯನ್ನು ನಡೆಸುವವರಿಗೆ, ಅದರಲ್ಲೂ ಧರ್ಮಸಭೆಯ ಸಂಸ್ಥೆಗಳಿಗೆ, ಇನ್ನೊಂದು ಕರ್ತವ್ಯವಿದೆ. ಸರ್ಕಾರದ ಬಾಗಿಲು ಯಾರಿಗೆ ಅರ್ಧವೇ ತೆರೆದಿದೆಯೆಂದು ಅವರು ಮೊದಲು ನೋಡಬೇಕು. 1950ರ ರಾಷ್ಟ್ರಪತಿ ಆಜ್ಞೆಯಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಸೇರುವುದಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಬಾಗಿಲು ತೆರೆಯಿತು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹೀಗೆ ನಮ್ಮ ಧರ್ಮಕೇಂದ್ರಗಳ ಎಷ್ಟೋ ಮಕ್ಕಳಿಗೆ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಲಾಯಿತು. ಸಂವಿಧಾನದ 371(ಜೆ) ವಿಧಿಯ ವಿಶೇಷ ಮೀಸಲಾತಿ ಕಲಬುರಗಿ, ಬೀದರ್, ಯಾದಗಿರಿಗಳ ಮಕ್ಕಳಿಗಿದೆ. ಅದೇ ಧರ್ಮಪ್ರಾಂತ್ಯಕ್ಕೆ ಸೇರಿದ ವಿಜಯಪುರ ಜಿಲ್ಲೆಯ ಮಕ್ಕಳಿಗಿಲ್ಲ. ಅಫಜಲಪುರದ ಹುಡುಗನಿಗೂ ಸಿಂದಗಿಯ ಹುಡುಗನಿಗೂ ಬಿಸಿಲು ಒಂದೇ, ಕಾಗದ ಬೇರೆ. ಹತ್ತಿರದ ಕೈ ಇಂತಹವರತ್ತ ಮೊದಲು ಚಾಚಬೇಕು.

ಮತ್ತೊಂದು ಕಷ್ಟ ತಡವಾಗಿ ಬರುವ ಹಣದ್ದು. ಶುಲ್ಕವನ್ನು ಪ್ರವೇಶದ ದಿನವೇ ಕಟ್ಟಬೇಕು; ಸರ್ಕಾರದ ಹಣ ಎಷ್ಟೋ ಸಲ ತಿಂಗಳುಗಳ ನಂತರ ಖಾತೆಗೆ ಬೀಳುತ್ತದೆ. ಆ ನಡುವಿನ ಅವಧಿಗೆ ಕಾಲೇಜಿನ ನಿಧಿ ಸೇತುವೆಯಾಗಲಿ. ಹಣ ಬಂದ ಮೇಲೆ ಸೇತುವೆಗಾಗಿ ಪಡೆದದ್ದನ್ನು ಮರಳಿಸುವುದು ಕುಟುಂಬದ ಕರ್ತವ್ಯ. ಖಾತೆಗೆ ಬಂದ ಹಣ ಯಾರಿಗೂ ಕಾಣದೆ ಮದುವೆಗೋ ಮೊಬೈಲಿಗೋ ಸೋರಿಹೋದರೆ ಮುಂದಿನ ಜೂನ್‌ನಲ್ಲಿ ಇನ್ನೊಂದು ಮಗು ದಾಟಬೇಕಾದ ಸೇತುವೆಯ ಹಲಗೆಯನ್ನು ಕಿತ್ತಂತೆ.

ತಂದೆತಾಯಂದಿರೇ, ಈ ವರ್ಷ ಮಕ್ಕಳೊಡನೆ ಕುಳಿತು ಒಂದು ಹಾಳೆಯಲ್ಲಿ ಪೂರ್ಣ ವೆಚ್ಚವನ್ನೂ, ಬರುವ ಎಲ್ಲ ನೆರವುಗಳನ್ನೂ ಬರೆಯಿರಿ. ಆ ಹಾಳೆಯನ್ನು ಕಾಲೇಜಿನವರಿಗೂ ತೋರಿಸಲು ಅಂಜಬೇಡಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವುದರಲ್ಲಿ, ಅರ್ಜಿಯನ್ನು ಗಣಕಯಂತ್ರದಲ್ಲಿ ತುಂಬುವುದರಲ್ಲಿ ಓದುಬರಹ ಬಾರದ ಪಾಲಕರಿಗೆ ಧರ್ಮಕೇಂದ್ರದ ಯುವಜನರು ಜೊತೆಯಾಗಲಿ. ಸಂತ ವಿನ್ಸೆಂಟ್ ದ ಪೌಲರ ಹೆಸರಿನ ಸಂಘವನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಫ್ರೆಡರಿಕ್ ಓಜಾನಾಮನೂ ಆಗ ಇಪ್ಪತ್ತರ ಹರೆಯದ ವಿದ್ಯಾರ್ಥಿಯೇ. ಓದುವವರು ನೆರವು ಪಡೆಯುವವರು ಮಾತ್ರವಲ್ಲ, ಕೊಡುವವರೂ ಹೌದೆಂಬುದಕ್ಕೆ ಅವನೇ ಸಾಕ್ಷಿ.

ಹಕ್ಕಿನಿಂದ ಬಂದುದನ್ನು ನಾಚಿಕೆಯಿಲ್ಲದೆ ಪಡೆಯೋಣ, ಪ್ರೀತಿಯಿಂದ ಬಂದುದನ್ನು ಕೃತಜ್ಞತೆಯಿಂದ ಪಡೆಯೋಣ. ಎರಡನ್ನೂ ಬೆಳಕಿನಲ್ಲಿ ಎಣಿಸೋಣ. ಅಗತ್ಯ ತುಂಬಿದಾಗ ‘ಸಾಕು’ ಎನ್ನುವ ಧೈರ್ಯವನ್ನು ಪ್ರಭುವಿನಲ್ಲಿ ಬೇಡೋಣ. ದುಡಿಯುವ ದಿನ ಬಂದಾಗ ನಮ್ಮ ಮಕ್ಕಳು ತಮ್ಮ ಸಿವುಡಿನಿಂದಲೂ ಕೆಲವು ತೆನೆಗಳನ್ನು ಎಳೆದು ಬಿಡುವವರಾಗಲಿ.